ಒರತೆಯ ಮೇಲೊಂದು ಕಲ್ಲು

(ಮೈಸೂರಿನಲ್ಲಿ ಒಂದು ಭಾನುವಾರ ಸಂಜೆ ಸ್ನೇಹಿತರ ಬಳಗದ ಮುಂದೆ ಆಡಿದ ಮಾತುಗಳ ಬರಹ ರೂಪ. ತೆರೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಕೊಡಲಾಗದ ಕಾರಣ ಅಲ್ಲಲ್ಲಿ ಒಂದೆರಡು ವಾಕ್ಯ ಹೆಚ್ಚಿಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಶಿಲ್ಪದ ಬಗ್ಗೆ ಮಾತನಾಡಲು ನನ್ನನ್ನು ಯಾಕೆ ಕರೆದರು ಎಂಬುದನ್ನು ಕರೆದವರೇ ಹೇಳಬೇಕು. ನಾನು ಉಳಿ ಹಿಡಿದವನಲ್ಲ, ಕಲಾ ವಿಮರ್ಶೆ ಬರೆದವನೂ ಅಲ್ಲ. ದುಡಿದಷ್ಟು ಕಾಲವೂ ನೀರು ಪರೀಕ್ಷೆ ಮಾಡಿ ಸಂಬಳ ತೆಗೆದುಕೊಂಡವನು. ಮೊದಲು ಇಲ್ಲಿ, ಆಮೇಲೆ ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ. ಹಾಗಾಗಿ ಯಾವ ಪ್ರತಿಮೆಯ ಮುಂದೆ ನಿಂತರೂ ನನ್ನ ಕಣ್ಣು ಮೊದಲು ಅದರ ಬುಡಕ್ಕೆ ಹೋಗುತ್ತದೆ. ಅಲ್ಲಿ ತೇವ ಇದೆಯೇ, ಪಾಚಿ ಕಟ್ಟಿದೆಯೇ, ಇದ್ದರೆ ನೀರು ಎಲ್ಲಿಂದ ಬರುತ್ತಿದೆ? ಈ ದುರಭ್ಯಾಸದಿಂದಲೇ ಇವತ್ತಿನ ಮಾತು ಹುಟ್ಟಿದ್ದು.

ಅಡಿಲೇಡಿಗೆ ಹೋದ ಹೊಸತರಲ್ಲಿ, ಒಂದು ರಜಾದಿನ, ಪುಳಿಯೋಗರೆಯ ಡಬ್ಬಿ ಕಟ್ಟಿಕೊಂಡು ನಾವು ನಾಲ್ಕಾರು ಸಂಸಾರ ಕಿಂಗ್‌ಸ್ಟನ್ ಪಾರ್ಕ್ ಎಂಬ ಕಡಲ ದಂಡೆಗೆ ಹೋಗಿದ್ದೆವು. ಮೇಲೆ ದಿಣ್ಣೆ, ಕೆಳಗೆ ಸಮುದ್ರ. ದಿಣ್ಣೆಯ ಮೇಲೊಂದು ಶಿಲ್ಪ: ಗಂಡಸೊಬ್ಬ ಹುಡುಗನೊಬ್ಬನನ್ನು ಎತ್ತಿಕೊಂಡಿದ್ದಾನೆ. ಆ ದೇಶದಲ್ಲಿ ಊರಿಗೊಂದು ಯುದ್ಧ ಸ್ಮಾರಕ ಇರುವುದರಿಂದ ಇದೂ ಅಂಥದ್ದೇ ಇರಬೇಕೆಂದುಕೊಂಡೆ. ಅದರ ಪಕ್ಕದಲ್ಲೇ ಕೂತು ಉಂಡೆವು, ಫೋಟೋ ತೆಗೆಸಿಕೊಂಡೆವು, ಮನೆಗೆ ಬಂದೆವು. ಮರುದಿನ ಪ್ರಯೋಗಾಲಯದಲ್ಲಿ ಸಹೋದ್ಯೋಗಿಯೊಬ್ಬರಿಗೆ ಆ ಫೋಟೋ ತೋರಿಸಿದೆ. ಅವರು ನೋಡಿದರು, ನಕ್ಕರು, ಒಂದೇ ಮಾತು ಕೇಳಿದರು: 'ಮೇಲಿನ ಕಲ್ಲು ನೋಡಿ ಬಂದಿರಲ್ಲ, ಕೆಳಗಿನ ನೀರು ನೋಡಿದಿರಾ?'

ನೋಡಿರಲಿಲ್ಲ. ನೀರಿನವನಾಗಿಯೂ ನೋಡಿರಲಿಲ್ಲ. ಮುಂದಿನ ವಾರವೇ ಮತ್ತೆ ಹೋದೆ. ದಿಣ್ಣೆಯ ಬುಡದಲ್ಲಿ, ಅಲೆಗಳಿಗೆ ಕೂಗಳತೆಯಲ್ಲಿ, ಒಂದು ಒರತೆ. ದೊಡ್ಡದೇನಲ್ಲ. ಬಾವಿಯೂ ಅಲ್ಲ, ಕೊಳವೂ ಅಲ್ಲ. ಮಣ್ಣು ಸದಾ ಒದ್ದೆಯಾಗಿ, ಸುತ್ತ ಜೊಂಡು ಬೆಳೆದ ಒಂದು ಜಾಗ. ಗೊತ್ತಿಲ್ಲದವರು ಪೈಪು ಸೋರುತ್ತಿದೆ ಎಂದುಕೊಂಡು ದಾಟಿ ಹೋಗುತ್ತಾರೆ. ಆದರೆ ಉಪ್ಪು ನೀರಿನ ಅಂಚಿನಲ್ಲಿ ಸಿಹಿನೀರು! ಆ ಒಣ ಕರಾವಳಿಯಲ್ಲಿ ಇದಕ್ಕಿಂತ ದೊಡ್ಡ ಐಶ್ವರ್ಯ ಇಲ್ಲ. ಮೇಲಿನ ಶಿಲ್ಪ ನಿಂತಿರುವುದು ಈ ನೀರಿನ ಸಲುವಾಗಿ. ನಾನು ಬಾಗಿಲಿನ ತೋರಣ ನೋಡಿ ಮನೆಯೊಳಗೆ ಹೋಗದೆ ವಾಪಸು ಬಂದಿದ್ದೆ.

ಶಿಲ್ಪದಲ್ಲಿರುವವನು ಚಿಲ್‌ಬ್ರುಕಿ. ಅಡಿಲೇಡ್ ಬಯಲಿನ ಮೂಲನಿವಾಸಿಗಳಾದ ಕೌರ್ನಾ ಜನರ ಪೂರ್ವಜ. ಬೆಂಕಿ ಮಾಡುವುದರಲ್ಲಿ ನಿಪುಣ, ಕಟ್ಟುಕಟ್ಟಳೆ ಬಲ್ಲವನು. ಅವನಿಗೆ ಪ್ರೀತಿಯ ಸೋದರಳಿಯನೊಬ್ಬ, ಹೆಸರು ಕುಲುಲ್‌ತುವಿ. ಮಾವ ಬೇಟೆಯಾಡಬೇಕಿದ್ದ ಎಮು ಹಕ್ಕಿಯನ್ನು ಅಳಿಯ ಹೊಡೆದುಬಿಟ್ಟ. ಮಾವ ಕ್ಷಮಿಸಿದ, ಬಂಧುಗಳು ಕ್ಷಮಿಸಲಿಲ್ಲ. ಕಟ್ಟಳೆ ಮುರಿದ ನೆಪ ಹೇಳಿ ಹುಡುಗನನ್ನು ಕೊಂದರು. ಚಿಲ್‌ಬ್ರುಕಿ ಕೊಂದವರ ಲೆಕ್ಕ ತೀರಿಸಿದ. ಆಮೇಲೆ, ಹೊಗೆಯಲ್ಲಿ ಒಣಗಿಸಿದ ಅಳಿಯನ ದೇಹವನ್ನು ಹೊತ್ತು ಕಡಲಂಚಿನಲ್ಲಿ ದಕ್ಷಿಣಕ್ಕೆ ನಡೆದ. ಸಂಜೆಯಾದಾಗ ದೇಹವನ್ನು ಇಳಿಸುವನು, ಅಳುವನು. ಕಣ್ಣೀರು ಬಿದ್ದಲ್ಲಿ ಒರತೆ ಏಳುವುದು. ಮರುದಿನ ಮತ್ತೆ ನಡಿಗೆ. ಕಿಂಗ್‌ಸ್ಟನ್ ಪಾರ್ಕ್, ಹ್ಯಾಲೆಟ್ ಕೋವ್, ಪೋರ್ಟ್ ನೋರ್ಲುಂಗಾ, ಪೋರ್ಟ್ ವಿಲುಂಗಾ, ಸೆಲ್ಲಿಕ್ಸ್ ಬೀಚ್, ಕ್ಯಾರಿಕಲಿಂಗಾ. ಹೀಗೆ ಕೇಪ್ ಜರ್ವಿಸ್ ಎಂಬ ಭೂಶಿರದವರೆಗೆ. ರಸ್ತೆಯಲ್ಲಿ ಹೋದರೆ ಅಡಿಲೇಡಿನಿಂದ ಸುಮಾರು 100 ಕಿಲೋಮೀಟರ್. ಅಲ್ಲಿಯ ಗುಹೆಯೊಂದರಲ್ಲಿ ಅಳಿಯನನ್ನು ಮಲಗಿಸಿದ. ಇನ್ನು ಮನುಷ್ಯನಾಗಿ ಇರುವುದು ಬೇಡವೆನಿಸಿತು. ಹಕ್ಕಿಯಾಗಿ ಹಾರಿಹೋದ. ಅವನ ದೇಹ ಬೆಟ್ಟದ ಸೀಮೆಯಲ್ಲಿ ಬಂಡೆಯಾಗಿ ಉಳಿಯಿತು. ಆ ಬಂಡೆಗೆ ಕೊನೆಯಲ್ಲಿ ಬರುತ್ತೇನೆ, ಅದನ್ನು ಮರೆಯಬೇಡಿ.

ಹೇಳುವವರಿಂದ ಹೇಳುವವರಿಗೆ ಈ ಕಥೆಯ ವಿವರಗಳು ಬದಲಾಗುತ್ತವೆ. ಬರಹದಲ್ಲಿ ವಿಸ್ತಾರವಾಗಿ ಸಿಗುವುದು ನಾರ್ಮನ್ ಟಿಂಡೇಲ್ ಎಂಬ ವಸ್ತುಸಂಗ್ರಹಾಲಯದ ವಿದ್ವಾಂಸ, ನೆರೆಯ ನರಿಂಜೆರಿ ಹಿರಿಯರ ಬಾಯಿಂದ ಕೇಳಿ ದಾಖಲಿಸಿದ ಪಾಠ. ಹಕ್ಕಿ ಯಾವುದು ಗೊತ್ತೇ? ಮಿಂಚು ಕೆಂಬರಲು. ಬಾಗಿದ ಕೊಕ್ಕು, ದೂರಕ್ಕೆ ಕರ್ರಗೆ ಕಾಣುವ ಮೈ, ಬಿಸಿಲು ಬಿದ್ದರೆ ಕಂಚು, ಹಸಿರು, ನೇರಳೆ ಎಲ್ಲ ಹೊಳೆಯುತ್ತದೆ. ಬೇರೆ ದೇಶದ ಅಪರೂಪದ ಹಕ್ಕಿ ಎಂದುಕೊಳ್ಳಬೇಡಿ. ಇದೇ ಜಾತಿಯ ಹಕ್ಕಿ ನಮ್ಮ ಮೈಸೂರು ಸೀಮೆಯ ಕೆರೆಗಳ ಕೆಸರಿನಲ್ಲೂ ಕೊಕ್ಕು ಹಾಕಿಕೊಂಡು ಅಡ್ಡಾಡುತ್ತದೆ.

ಈಗ ನನ್ನ ಕಸುಬಿನ ಕಣ್ಣಿನಿಂದ ಈ ಕಥೆಯನ್ನು ಇನ್ನೊಮ್ಮೆ ನೋಡಿ. ಒಂದು ದಿನದ ನಡಿಗೆ, ಒಂದು ಒರತೆ. ಇನ್ನೊಂದು ದಿನದ ನಡಿಗೆ, ಇನ್ನೊಂದು ಒರತೆ. ದಾರಿಯುದ್ದಕ್ಕೂ ಸಮುದ್ರ ಇದೆ, ಕುಡಿಯಲು ಹನಿ ನೀರಿಲ್ಲ. ಅಂಥ ಕರಾವಳಿಯಲ್ಲಿ ಎಲ್ಲೆಲ್ಲಿ ತಂಗಬಹುದು ಎಂಬುದನ್ನು ಮಗುವಿಗೆ ಹೇಗೆ ಕಲಿಸುತ್ತೀರಿ? ಪಟ್ಟಿ ಬರೆದುಕೊಟ್ಟರೆ ಕಳೆದುಕೊಳ್ಳುತ್ತದೆ. ಸತ್ತ ಅಳಿಯನನ್ನು ಹೊತ್ತು ನಡೆದ ಮಾವನ ಕಥೆ ಹೇಳಿದರೆ ಸಾಯುವವರೆಗೂ ಮರೆಯುವುದಿಲ್ಲ. ಅದು ದುಃಖದ ಕಥೆ, ಕಟ್ಟಳೆಯ ಕಥೆ. ಅದರೊಳಗೇ ನೀರಿನ ನಕ್ಷೆಯೂ ಇದೆ. ನಾವು ಇಲಾಖೆಯಲ್ಲಿ ಇಂಥ ನಕ್ಷೆ ಮಾಡಲು ಮೂರು ಸಮಿತಿ ಕೂರಿಸುತ್ತಿದ್ದೆವು.

ಕಿಂಗ್‌ಸ್ಟನ್ ಪಾರ್ಕಿನ ಶಿಲ್ಪವನ್ನು 1972ರಲ್ಲಿ ಮಾಡಿದವರು ಜಾನ್ ಡೌವಿ, ಅಡಿಲೇಡಿನ ಹೆಸರಾಂತ ಶಿಲ್ಪಿ, ಬಿಳಿಯರು. ನಗರದ ನಡುವಿನ ವಿಕ್ಟೋರಿಯಾ ಚೌಕದಲ್ಲಿರುವ ಮೂರು ನದಿಗಳ ಕಾರಂಜಿಯೂ ಅವರದೇ ಕೆಲಸ. ಮೂಲನಿವಾಸಿಗಳ ಕಥೆಯನ್ನು ಬಿಳಿಯರು ಕೆತ್ತಬಹುದೇ ಎಂದು ಇವತ್ತು ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ. ಆದರೆ 1972ರಲ್ಲಿ ಅಂಥ ಕಥೆಗೆ ಕಡಲ ಎದುರು ಒಂದು ಶಿಲ್ಪ ಎದ್ದಿತಲ್ಲ, ಅದೂ ಸಣ್ಣ ಮಾತಲ್ಲ. ನನ್ನ ತಕರಾರು ಬೇರೆ. ಆ ಶಿಲ್ಪ ಮನುಷ್ಯನನ್ನು ತೋರಿಸುತ್ತದೆ, ಕಥೆಯಲ್ಲಿ ಮುಖ್ಯ ಮನುಷ್ಯನಲ್ಲ. ಮನುಷ್ಯ ಹಕ್ಕಿಯಾಗಿ ಹೋದ, ಬಂಡೆಯಾಗಿ ಕೂತ, ಉಳಿದದ್ದು ನೀರು. ನನ್ನಂಥ ಅನಾಡಿ ಬಂದು ಮನುಷ್ಯನನ್ನು ನೋಡಿ, ನೀರು ಬಿಟ್ಟು ಹೋಗುವುದಕ್ಕೆ ಅದೇ ಕಾರಣ.

ಇಪ್ಪತ್ತೈದು ವರ್ಷದ ನಂತರ, 1997ರಲ್ಲಿ, ಅದೇ ಕಥೆಗೆ ಇನ್ನೊಂದು ಶಿಲ್ಪ ಬಂದಿತು. ಸ್ಟರ್ಟ್ ನದಿಯ ದಡದ ವಾರಿಪರಿಂಗಾ ಎಂಬಲ್ಲಿ. ಗಾಳಿ ಬೀಸುವ ಹೊಳೆಯ ಬದಿ ಎಂದು ಆ ಹೆಸರಿನ ಅರ್ಥ. ಚಿಲ್‌ಬ್ರುಕಿಯ ನಡಿಗೆ ಶುರುವಾದದ್ದು ಆ ಸೀಮೆಯಿಂದಲೇ. ಶೆರಿ ರಾಂಕೈನ್, ಮಾರ್ಗರೆಟ್ ವರ್ತ್, ಗ್ಯಾವಿನ್ ಮಲೋನ್ ಮೂವರೂ ಸೇರಿ ಮಾಡಿದ ಈ ಕೆಲಸಕ್ಕೆ 'ಚಿಲ್‌ಬ್ರುಕಿಯ ಹೆಬ್ಬಾಗಿಲು' ಎನ್ನುವ ಅರ್ಥದ ಕೌರ್ನಾ ಹೆಸರಿದೆ. ಇಲ್ಲಿ ಪೀಠದ ಮೇಲೆ ನಿಂತ ಮನುಷ್ಯನಿಲ್ಲ. ಒಣಗಿದ ಮರದ ಕಾಂಡಗಳ ನಡುವೆ ನೀವು ನಡೆಯಬೇಕು. ಪಕ್ಕದಲ್ಲಿ ನಗರದ ಮಳೆನೀರನ್ನು ತಡೆದು ತಿಳಿಗೊಳಿಸುವ ಜೌಗು ಕೆರೆಗಳನ್ನೂ ಮಾಡಿದರು. ಸುತ್ತ ಹೆದ್ದಾರಿಯ ಗದ್ದಲ. ಆದರೂ ಬೆಳಿಗ್ಗೆ ಬೇಗ ಹೋದರೆ ಕಪ್ಪೆಗಳ ಸದ್ದು ಕಾರುಗಳ ಸದ್ದಿಗಿಂತ ಹೆಚ್ಚು. ಅದನ್ನು ಕೇಳಿದ ದಿನ, ಶಿಲ್ಪ ಎಲ್ಲಿ ಮುಗಿಯುತ್ತದೆ, ಕೆರೆ ಎಲ್ಲಿ ಶುರುವಾಗುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ಹೊಳೆಯಬೇಕೆಂದೂ ಅನಿಸಲಿಲ್ಲ.

ಈ ಎರಡು ಶಿಲ್ಪಗಳ ನಡುವಿನ ವ್ಯತ್ಯಾಸವನ್ನೇ ಇಟ್ಟುಕೊಂಡು ಬೇರೆ ಊರುಗಳಿಗೂ ಹೋಗೋಣ. ಮೊದಲು ಸಿಡ್ನಿ.

ತೆರೆಯ ಮೇಲೆ ಕಾಣುತ್ತಿರುವ ಬಿಳಿಯ ವಸ್ತುವನ್ನು ನೋಡಿ. ಅರ್ಧಚಂದ್ರ ಎಂದು ಒಬ್ಬರು ಹೇಳಿದರು. ದಂತದಂತಿದೆ ಎಂದರು ಇನ್ನೊಬ್ಬರು. ಅದು ಗಾಳ, ಮೀನು ಹಿಡಿಯುವ ಗಾಳ. ಸಿಡ್ನಿಯ ಮೂಲನಿವಾಸಿಗಳ ಮಾತಿನಲ್ಲಿ 'ಬರಾ'. ಒಪೆರಾ ಹೌಸ್ ನಿಂತಿರುವ ಭೂಶಿರದ ಹಿಂದಿನ ದಿಬ್ಬದ ಹುಲ್ಲುಹಾಸಿನ ಮೇಲೆ, ಬಂದರಿಗೆ ಮುಖ ಮಾಡಿಕೊಂಡು 2022ರಲ್ಲಿ ಎದ್ದು ನಿಂತಿತು. ಎತ್ತರ 6 ಮೀಟರಿಗೂ ಮಿಗಿಲು. ಮಾಡಿದವರು ಜೂಡಿ ವಾಟ್ಸನ್. ಕ್ವೀನ್ಸ್‌ಲ್ಯಾಂಡಿನ ವಾನ್ಯಿ ಜನಾಂಗದ ಕಲಾವಿದೆ.

ನಿಜವಾದ ಬರಾ ಅಂಗೈಯೊಳಗೆ ಅಡಗುವಷ್ಟು ಚಿಕ್ಕದು. ಸುರುಳಿ ಸುತ್ತಿದ ದಪ್ಪ ಸಮುದ್ರಚಿಪ್ಪನ್ನು ಒಡೆದು, ಮರಳುಗಲ್ಲಿನ ಅರದಿಂದ ಉಜ್ಜಿ ಉಜ್ಜಿ ಹೆಂಗಸರು ಅದನ್ನು ಮಾಡುತ್ತಿದ್ದರು. ಗಾಳ ಹಾಕಿ ಮೀನು ಹಿಡಿಯುವುದೆಂದರೆ ಅಲ್ಲಿ ಹೆಂಗಸರ ಕೆಲಸ. ಗಂಡಸರು ಈಟಿ ಹಿಡಿದು ದಡದಲ್ಲಿ ನಿಲ್ಲುತ್ತಿದ್ದರು. ಮರದ ತೊಗಟೆಯನ್ನು ಮಡಿಸಿ ಕಟ್ಟಿದ 'ನಾವಿ' ಎಂಬ ಸಣ್ಣ ದೋಣಿ. (ನಮ್ಮ ನಾವೆ ನೆನಪಾಗುತ್ತದೆ, ಬರೀ ಕಾಕತಾಳೀಯ, ಯಾರೂ ಇದರ ಮೇಲೆ ಪ್ರಬಂಧ ಬರೆಯಬೇಡಿ.) ದೋಣಿಯ ನಡುವೆ ಮಣ್ಣು ಮೆತ್ತಿ ಅದರ ಮೇಲೆ ಬೆಂಕಿ, ಮಡಿಲಲ್ಲಿ ಮಗು, ಕೈಯಲ್ಲಿ ದಾರ. ಹಿಡಿದ ಮೀನನ್ನು ಅಲ್ಲೇ ಸುಟ್ಟು ತಿನ್ನುವುದು. 1788ರಲ್ಲಿ ಬ್ರಿಟಿಷ್ ಹಡಗುಗಳು ಬಂದಾಗ ಆ ಬಂದರಿನ ತುಂಬ ಇಂಥ ದೋಣಿಗಳು. ರಾತ್ರಿ ನೀರಿನ ಮೇಲೆ ಬೆಂಕಿಯ ಚುಕ್ಕಿಗಳು.

ಆ ಹೆಂಗಸರಲ್ಲಿ ಹೆಸರು ಉಳಿದಿರುವವಳು ಬಾರಂಗಾರೂ. ಕ್ಯಾಮರೇಗಲ್ ಜನಾಂಗದವಳು. ಗಂಡ ಬೆನ್ನೆಲಾಂಗ್, ಗವರ್ನರನ ಮನೆಗೆ ಹೋಗಿಬರುತ್ತ ಇಂಗ್ಲಿಷ್ ಕಲಿತವನು, ಕೋಟು ತೊಟ್ಟವನು. ಇವಳು ಬಿಳಿಯರ ಬಟ್ಟೆಯನ್ನೂ ಒಲ್ಲೆ ಎಂದಳು, ಅವರ ವೈನನ್ನೂ ಒಲ್ಲೆ ಎಂದಳು ಎಂದು ಇತಿಹಾಸಕಾರರು ಬರೆಯುತ್ತಾರೆ. 1790ರಲ್ಲಿ ಬ್ರಿಟಿಷರು ನಮ್ಮ ಕರಾವಳಿಯ ರಂಪಣಿಯಂಥ ಎಳೆಬಲೆ ಹಾಕಿ ಎರಡೇ ಸಲಕ್ಕೆ ಸುಮಾರು 4000 ಮೀನು ಎಳೆದರು. ಒಂದೊಂದಾಗಿ, ದಿನದ ಊಟಕ್ಕೆ ಬೇಕಾದಷ್ಟು ಮಾತ್ರ ಹಿಡಿಯುತ್ತಿದ್ದ ಹೆಂಗಸರ ಕಣ್ಣಿಗೆ ಆ ರಾಶಿ ಹೇಗೆ ಕಂಡಿರಬೇಕು? ಕೈಯಲ್ಲಿರುವ ಗಾಳಕ್ಕೆ ಬೆಲೆ ಹೋಯಿತು, ಅದರ ಜೊತೆಗೆ ಮನೆಯಲ್ಲಿ ಅವರ ಮಾತಿಗಿದ್ದ ಬೆಲೆಯೂ. ಜೂಡಿ ವಾಟ್ಸನ್ ಗಾಳವನ್ನೇ ಆರಿಸಿಕೊಂಡದ್ದು ಅದಕ್ಕೇ ಎಂದು ನನಗೆ ಅನ್ನಿಸುತ್ತದೆ. ಬಾರಂಗಾರೂವಿನ ಮುಖ ಹೇಗಿತ್ತೆಂದು ಕಲ್ಪಿಸಿ ಕೆತ್ತುವುದು ಸುಲಭ. ಅವಳ ಬೆರಳ ತುದಿಯಲ್ಲಿದ್ದುದನ್ನು ದೊಡ್ಡದು ಮಾಡಿ, ಅವಳು ಮೀನು ಹಿಡಿದ ನೀರಿಗೇ ಮುಖ ಮಾಡಿಸಿ ನಿಲ್ಲಿಸುವುದಕ್ಕೆ ಬುದ್ಧಿ ಬೇಕು.

ಅಲ್ಲಿಂದ ಸ್ವಲ್ಪ ಪಶ್ಚಿಮಕ್ಕೆ ಹೋದರೆ ಬಾರಂಗಾರೂ ಎಂದೇ ಹೆಸರಿಟ್ಟ ಹೊಸ ಬಡಾವಣೆಯಿದೆ. ಗಾಜಿನ ಗೋಪುರಗಳು, ಹೋಟೆಲುಗಳು, ಕ್ಯಾಸಿನೋ. ವೈನು ಧಾರಾಳ.

ಮೆಲ್ಬರ್ನಿನಲ್ಲಿ ಬೇರೆಯದೇ ದಾರಿ ಹಿಡಿದಿದ್ದಾರೆ. ಅಲ್ಲಿ ಯಾರಾ ನದಿಗೆ ಡಾಕ್‌ಲ್ಯಾಂಡ್ಸ್ ಬಳಿ ವೆಬ್ ಸೇತುವೆ ಎಂಬ ಕಾಲುಸೇತುವೆ ಇದೆ, 2003ರದು. ರಾಬರ್ಟ್ ಓವೆನ್ ಎಂಬ ಕಲಾವಿದರು ವಾಸ್ತುಶಿಲ್ಪಿಗಳ ಜೊತೆಗೂಡಿ ಮಾಡಿದ್ದು. ಒಳಗೆ ನಡೆಯುತ್ತಿದ್ದರೆ ಉಕ್ಕಿನ ಬಳೆಗಳು, ಪಟ್ಟಿಗಳು ಹೆಣೆದುಕೊಂಡು ಮೈಮೇಲೆ ಮುಚ್ಚಿಕೊಳ್ಳುತ್ತ ಬರುತ್ತವೆ. ಮಲೆನಾಡಿನಿಂದ ಬಂದವರು ಇಲ್ಲಿ ಯಾರಾದರೂ ಇದ್ದರೆ ಒಂದೇ ನೋಟಕ್ಕೆ ಹೇಳುತ್ತಾರೆ: ಇದು ಕೂಳಿ! ಹೌದು, ಹಾವುಮೀನು ಹಿಡಿಯಲು ಅಲ್ಲಿಯ ಮೂಲನಿವಾಸಿಗಳು ಹೆಣೆಯುತ್ತಿದ್ದ ಉದ್ದನೆಯ ಕೂಳಿಯೇ ಅದರ ಮಾದರಿ. ಮೀನಿನ ಜಾಗದಲ್ಲಿ ನಾವು. ಸೈಕಲ್ ಮೇಲೆ ಕಚೇರಿಗೆ ಹೋಗುವವರು ದಿನಾ ಬೆಳಿಗ್ಗೆ ಒಂದು ಬಾಯಿಯಿಂದ ಒಳಹೊಕ್ಕು ಇನ್ನೊಂದು ಬಾಯಿಯಿಂದ ಪಾರಾಗುತ್ತಾರೆ.

ಹಾವುಮೀನು ಎಂದರೆ ಮುಖ ಸಿಂಡರಿಸಬೇಡಿ. ವಿಕ್ಟೋರಿಯಾ ರಾಜ್ಯದ ನೈಋತ್ಯಕ್ಕೆ ಬಜ್ ಬಿಮ್ ಎಂಬ ಹಳೆಯ ಜ್ವಾಲಾಮುಖಿ ಪ್ರದೇಶವಿದೆ. ಅಲ್ಲಿಯ ಗುಂಡಿಚ್‌ಮಾರಾ ಜನ ಲಾವಾ ಕಲ್ಲಿನಲ್ಲಿ ಕಾಲುವೆ ಕಡಿದು, ಒಡ್ಡು ಕಟ್ಟಿ, ಮಡು ಮಾಡಿ ಹಾವುಮೀನುಗಳನ್ನು ಸಾಕಿದರು. ಕನಿಷ್ಠ 6600 ವರ್ಷ ಹಳೆಯ ವ್ಯವಸ್ಥೆ. 2019ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಈ ಜನ ಅಲೆಮಾರಿಗಳು, ನೆಲದ ಮೇಲೆ ಏನನ್ನೂ ಕಟ್ಟಲಿಲ್ಲ ಎಂದು ಶಾಲಾಪುಸ್ತಕಗಳು ಎಷ್ಟೋ ಕಾಲ ಹೇಳಿಕೊಂಡು ಬಂದವಲ್ಲ, ಆ ಕಾಲುವೆಗಳು ಆಗಲೂ ಅಲ್ಲೇ ಇದ್ದವು. ಆ ಹಾವುಮೀನಿನ ಬದುಕೂ ಸಾಮಾನ್ಯದ್ದಲ್ಲ. ವರ್ಷಗಟ್ಟಲೆ ಸಿಹಿನೀರಿನಲ್ಲಿ ಬೆಳೆದು, ಮೊಟ್ಟೆಯಿಡಲು ಸಾವಿರಾರು ಕಿಲೋಮೀಟರ್ ಈಜಿ ಉತ್ತರದ ಹವಳದ ಸಮುದ್ರಕ್ಕೆ ಹೋಗಿ ಅಲ್ಲೇ ಸಾಯುತ್ತದೆ. ಮರಿಗಳು ಪ್ರವಾಹ ಹಿಡಿದು ಅಜ್ಜಿಯ ಮನೆಗೆ ವಾಪಸು ಬರುತ್ತವೆ.

ಮತ್ತೆ ಮೆಲ್ಬರ್ನಿಗೆ ಬಂದರೆ, ನಗರದ ನಡುವೆ ಅದೇ ಯಾರಾ ನದಿಯ ದಂಡೆಯಲ್ಲಿ 'ಬಿರರುಂಗ್ ವಿಲಮ್', ಅಂದರೆ ನದಿಯ ಬಿಡಾರ, ಎಂಬ ಶಿಲ್ಪಾವಳಿ ಇದೆ. 2006ರಲ್ಲಿ ವಿಕಿ ಕೂಜನ್ಸ್, ಲೀ ಡರೋಕ್, ಟ್ರಿಯಾನಾ ಹ್ಯಾಮ್ ಎಂಬ ಮೂವರು ಮೂಲನಿವಾಸಿ ಕಲಾವಿದೆಯರು ಮಾಡಿದ್ದು. ನೆಲದ ಮೇಲೆ ಹಾವುಮೀನಿನಂತೆ ಬಳುಕುವ ದಾರಿ, ಆ ಸೀಮೆಯ ಕೂಲಿನ್ ಒಕ್ಕೂಟದ ಐದು ಜನಾಂಗಗಳಿಗೆ ಐದು ಲೋಹದ ಗುರಾಣಿಗಳು. ಬಿರರುಂಗ್ ಎಂಬುದು ನದಿಯ ನಿಜವಾದ ಹೆಸರು. ನೀರು ಧುಮುಕುವುದನ್ನು ತೋರಿಸಿ ಮೂಲನಿವಾಸಿಗಳು ಹೇಳಿದ ಮಾತನ್ನು 1835ರಲ್ಲಿ ಸರ್ವೆ ಅಧಿಕಾರಿಯೊಬ್ಬ ನದಿಯ ಹೆಸರೆಂದು ಬರೆದುಕೊಂಡ. ಹಾಗೆ 'ಯಾರಾ' ಆಯಿತು. ಗುರಾಣಿಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರು ಬಹಳ. ನನಗೆ ಅದಕ್ಕಿಂತ ಇಷ್ಟವಾದದ್ದು ಒಂದು ಕಾಯಿದೆ. 2017ರಲ್ಲಿ ಆ ರಾಜ್ಯದ ಶಾಸನಸಭೆ ನದಿಯ ರಕ್ಷಣೆಗೆ ಕಾನೂನು ಮಾಡಿತು. ಅದರ ಶೀರ್ಷಿಕೆಯಲ್ಲೇ ವುರುಂಡ್ಜೆರಿ ಜನರ ಮಾತುಗಳಿವೆ: 'ವಿಲಿಪ್-ಗಿನ್ ಬಿರರುಂಗ್ ಮುರೋನ್'. ಬಿರರುಂಗನ್ನು ಜೀವಂತವಾಗಿಡಿ ಎಂದು ಅರ್ಥ. ಸರ್ಕಾರಿ ಗೆಜೆಟ್ಟಿನಲ್ಲಿ ಒಂದು ಶಿಲ್ಪ ಎಂದು ನಾನು ಅದನ್ನು ಕರೆಯುತ್ತೇನೆ.

ಮನುಷ್ಯರ ಪ್ರತಿಮೆಗಳ ಬಗ್ಗೆ ಒಂದು ಮಾತು ಹೇಳಿ ಮುಂದಕ್ಕೆ ಹೋಗುತ್ತೇನೆ. ಪರ್ತ್ ನಗರದ ಹೀರಿಸನ್ ದ್ವೀಪದಲ್ಲಿ ಯಾಗನ್ ಎಂಬ ನೂಂಗಾರ್ ವೀರನ ಕಂಚಿನ ಪ್ರತಿಮೆ 1984ರಿಂದ ಇದೆ. 1833ರಲ್ಲಿ ಅವನನ್ನು ಕೊಂದು ತಲೆಯನ್ನು ಇಂಗ್ಲೆಂಡಿಗೆ ಒಯ್ದಿದ್ದರು. 1997ರಲ್ಲಿ ಆ ತಲೆ ತಾಯ್ನಾಡಿಗೆ ಮರಳಿತು. ಅದು ಮರಳಿದ ಕೆಲವೇ ದಿನಗಳಲ್ಲಿ ಯಾರೋ ಪ್ರತಿಮೆಯ ತಲೆಯನ್ನು ಕತ್ತರಿಸಿದರು. ಸರಿಪಡಿಸಿದರೆ ಮತ್ತೆ ಕತ್ತರಿಸಿದರು. ಇದಕ್ಕೆ ವ್ಯಾಖ್ಯಾನ ಬೇಡ.

ಕ್ಯಾನ್‌ಬೆರಾದಲ್ಲಿರುವುದು ಬಯಲಿನ ಶಿಲ್ಪವಲ್ಲ, ರಾಷ್ಟ್ರೀಯ ಕಲಾ ಗ್ಯಾಲರಿಯ ಒಳಗಿನದು. ಆದರೂ ನಾನು ಕಂಡದ್ದರಲ್ಲಿ ಇದಕ್ಕೆ ಸಾಟಿಯಿಲ್ಲ. 1988ಕ್ಕೆ ಬ್ರಿಟಿಷರು ಬಂದು ಇನ್ನೂರು ವರ್ಷ. ದೇಶವೆಲ್ಲ ಪಟಾಕಿ ಹೊಡೆಯುವ ತಯಾರಿಯಲ್ಲಿತ್ತು. ಆಗ ಜಾನ್ ಮಂಡೈನ್ ಎಂಬ ಮೂಲನಿವಾಸಿ ಕಲಾತಜ್ಞರ ಯೋಚನೆಯಂತೆ ಉತ್ತರದ ರಾಮಿಂಗಿನಿಂಗ್ ಸೀಮೆಯ 43 ಕಲಾವಿದರು 200 ಮರದ ದಿಮ್ಮಿಗಳನ್ನು ತಂದು ನಿಲ್ಲಿಸಿದರು. ವರ್ಷಕ್ಕೊಂದು. ಗೆದ್ದಲು ತಿರುಳು ತಿಂದು ಟೊಳ್ಳಾದ ಯೂಕಲಿಪ್ಟಸ್ ಕಾಂಡಗಳು. ಅವರಲ್ಲಿ ಸತ್ತವರ ಎಲುಬುಗಳನ್ನು ಕೊನೆಗೆ ಇಂಥ ಟೊಳ್ಳು ಮರದಲ್ಲಿ ಇಟ್ಟು ಕಾಡಿನಲ್ಲಿ ನಿಲ್ಲಿಸುವ ಪದ್ಧತಿ. ಈ 200 ಮರಗಳಲ್ಲಿ ಎಲುಬುಗಳಿಲ್ಲ. ತಮ್ಮ ನೆಲವನ್ನು ಕಾಯಲು ಹೋಗಿ ಸತ್ತು, ಹೀಗೆ ಸಂಸ್ಕಾರ ಸಿಗದೆ ಹೋದವರೆಲ್ಲರ ಪಾಲಿನ ಮರಗಳು ಅವು.

ಅದರ ಜೋಡಣೆಯನ್ನು ಗಮನಿಸಿ. ದಿಮ್ಮಿಗಳ ನಡುವೆ ನಡೆಯಲು ಒಂದು ಅಂಕುಡೊಂಕು ದಾರಿ ಬಿಟ್ಟಿದ್ದಾರೆ. ಅದು ಗ್ಲೈಡ್ ನದಿ. ಆ ನದಿಯ ಯಾವ ಮಗ್ಗುಲಲ್ಲಿ, ಎಷ್ಟು ದೂರದಲ್ಲಿ ಯಾವ ಕುಲದ ನೆಲವಿದೆಯೋ, ಆ ಕುಲದವರು ಬಣ್ಣ ಹಚ್ಚಿದ ಮರಗಳು ಅಲ್ಲಲ್ಲೇ ನಿಂತಿವೆ. ಸಮುದ್ರದ ಕಡೆಯವರು ಸಮುದ್ರದ ಕಡೆಗೆ, ಜೌಗಿನವರು ಜೌಗಿನ ಕಡೆಗೆ. ಸಾವಿನ ಸ್ಮಾರಕ ಕಟ್ಟುವಾಗಲೂ ಅವರು ಮೊದಲು ನೀರನ್ನು ಎಳೆದುಕೊಂಡರು, ಆಮೇಲೆ ಜನರನ್ನು ಕೂರಿಸಿದರು. ನಾನು ಹೋದ ದಿನ ಒಂದು ಶಾಲೆಯ ಮಕ್ಕಳು ಆ ದಾರಿಯಲ್ಲಿ ಕಣ್ಣಾಮುಚ್ಚಾಲೆ ಆಡುತ್ತಿದ್ದರು. ಮೇಷ್ಟರು ಗದರಿಸಿದರು. ನಾನು ಮೇಷ್ಟರಾಗಿದ್ದರೆ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದೆ.

ಆಕಾಶದ ಬಗ್ಗೆ ಹೇಳದೆ ಬಿಟ್ಟರೆ ಅರ್ಧ ಹೇಳಿದಂತೆ. ನಾವು ನಕ್ಷತ್ರಗಳನ್ನು ಸೇರಿಸಿ ಆಕಾರ ಕಾಣುತ್ತೇವೆ. ಅವರು ನಕ್ಷತ್ರಗಳ ನಡುವಿನ ಕತ್ತಲನ್ನೂ ಓದುತ್ತಾರೆ. ಆಕಾಶಗಂಗೆಯ ಬಿಳುಪಿನಲ್ಲಿ ಉದ್ದಕ್ಕೆ ಕಪ್ಪು ಪಟ್ಟೆಗಳಿವೆಯಲ್ಲ, ಅದು ಆಕಾಶದ ಎಮು. ತಲೆ ಇರುವುದು ತ್ರಿಶಂಕು ನಕ್ಷತ್ರಗಳ ಪಕ್ಕದ ಕಪ್ಪು ಮಚ್ಚೆಯಲ್ಲಿ. ಸಿಡ್ನಿಯ ಉತ್ತರಕ್ಕೆ ಕುರಿಂಗ್-ಗೈ ಚೇಸ್ ಎಂಬ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿ ಹಾಸುಬಂಡೆಯ ಮೇಲೆ ಎಮುವಿನ ಹಳೆಯ ಕೊರೆತವೊಂದಿದೆ. ವರ್ಷದ ಒಂದು ಕಾಲದಲ್ಲಿ ಆಕಾಶದ ಎಮು ಸರಿಯಾಗಿ ಬಂಡೆಯ ಎಮುವಿನ ಮೇಲೆ, ಅದೇ ಭಂಗಿಯಲ್ಲಿ ಬಂದು ನಿಲ್ಲುತ್ತದೆ. ಕೆಳಗೆ ಎಮು ಹಕ್ಕಿಗಳು ಮೊಟ್ಟೆಯಿಡುವ ಕಾಲವೂ ಅದೇ ಎಂದು ಖಗೋಳ ವಿಜ್ಞಾನಿಗಳು ಗುರುತಿಸಿದ್ದಾರೆ. ಸಾರ್ವಜನಿಕ ಶಿಲ್ಪ ಎಂಬ ಮಾತು ಹುಟ್ಟುವುದಕ್ಕಿಂತ ಎಷ್ಟೋ ಮೊದಲೇ ಬಯಲಿನಲ್ಲಿ ಎಲ್ಲರಿಗಾಗಿ ಕೆತ್ತಿದ ಶಿಲ್ಪ ಅದು. ತ್ರಿಶಂಕುವನ್ನು ನೀವು ಇಲ್ಲಿಂದಲೂ ನೋಡಬಹುದು. ಮೇ ತಿಂಗಳ ರಾತ್ರಿ, ಮೋಡವಿಲ್ಲದಿದ್ದರೆ, ದಕ್ಷಿಣದ ಅಂಚಿನಲ್ಲಿ ಕೆಳಗೇ ಕಾಣುತ್ತದೆ. ಎಮು ಕಾಣಬೇಕಾದರೆ ಮಾತ್ರ ಆ ಕಡೆಯ ಕತ್ತಲೇ ಬೇಕು.

ಅಡಿಲೇಡಿನ ಕೌರ್ನಾ ಜನರಿಗೆ ಆಕಾಶಗಂಗೆ ಕೂಡ ಹೊಳೆಯೇ. ವೊಡ್ಲಿಪರ್ರಿ: ವೊಡ್ಲಿ ಎಂದರೆ ಗುಡಿಸಲು, ಪರ್ರಿ ಎಂದರೆ ಹೊಳೆ. ದಂಡೆಯುದ್ದಕ್ಕೂ ಗುಡಿಸಲುಗಳಿರುವ ಹೊಳೆ. ಅದರಲ್ಲಿಯ ಕಪ್ಪು ಮಚ್ಚೆಗಳು ಆಳದ ಮಡುಗಳು, ಅಲ್ಲೊಂದು ಭಯಂಕರ ಜೀವಿ ಇದೆ. ನಾವು ಗಂಗೆ ಎಂದೆವು, ಅವರು ಗುಡಿಸಲಿನ ಹೊಳೆ ಎಂದರು. ನಮ್ಮದರಲ್ಲಿ ದೇವತೆಗಳು ಸ್ನಾನ ಮಾಡುತ್ತಾರೆ, ಅವರದರಲ್ಲಿ ದಡದ ಮೇಲೆ ಒಲೆ ಉರಿಯುತ್ತದೆ. ಈ ಪದಗಳು ನಮಗೆ ಗೊತ್ತಿರುವುದು ಟೈಕಲ್‌ಮನ್ ಮತ್ತು ಶ್ಯೂರ್ಮನ್ ಎಂಬ ಇಬ್ಬರು ಜರ್ಮನ್ ಮಿಷನರಿಗಳಿಂದ. 1840ರಲ್ಲಿ ಅವರು ಸುಮಾರು 2000 ಕೌರ್ನಾ ಪದಗಳನ್ನು ಅಚ್ಚು ಹಾಕಿಸಿದರು. ನಮ್ಮ ಕಿಟ್ಟೆಲ್ಲರು ನೆನಪಾಗುತ್ತಾರೆ. ಆದರೆ ಕಿಟ್ಟೆಲ್ ಪದಕೋಶ ಮಾಡಿದ್ದು ಲಕ್ಷಾಂತರ ಜನ ಆಡುತ್ತಿದ್ದ ಭಾಷೆಗೆ. ಕೌರ್ನಾವನ್ನು ಸರಾಗವಾಗಿ ಆಡಬಲ್ಲ ಕೊನೆಯವಳೆಂದು ಹೇಳುವ ಇವಾರಿಟ್ಜಿ 1929ರಲ್ಲಿ ತೀರಿಕೊಂಡಳು. ಆಮೇಲೆ ಅರವತ್ತು ವರ್ಷ ಮೌನ. ಈಗ ಅದೇ ಪುಟ್ಟ ಪುಸ್ತಕ ಹಿಡಿದು ಕೌರ್ನಾ ಜನ ಮತ್ತೆ ಮಾತು ಕಲಿಯುತ್ತಿದ್ದಾರೆ, ಹಾಡು ಕಟ್ಟುತ್ತಿದ್ದಾರೆ, ಸಭೆಗಳಲ್ಲಿ ಸ್ವಾಗತ ಹೇಳುತ್ತಿದ್ದಾರೆ. ಅಲ್ಲಿ ಯಾವ ಕಾರ್ಯಕ್ರಮವಾದರೂ ಈ ನೆಲದ ಹಿರಿಯರಿಗೆ ವಂದನೆ ಎಂದು ಹೇಳಿಯೇ ಶುರು ಮಾಡುವುದು. ಕಚೇರಿಯ ಸಭೆಗಳಲ್ಲಿ ನಾವೂ ಹೇಳುತ್ತಿದ್ದೆವು, ನಿಜ ಹೇಳಬೇಕೆಂದರೆ ವಂದನಾರ್ಪಣೆಯನ್ನು ಒದರುವಂತೆಯೇ ಒದರುತ್ತಿದ್ದೆವು.

ಈಗ ಆ ಬಂಡೆಗೆ ಬರುತ್ತೇನೆ. ಚಿಲ್‌ಬ್ರುಕಿಯ ದೇಹ ಬಂಡೆಯಾದ ಜಾಗ ಅಡಿಲೇಡಿನ ಪೂರ್ವಕ್ಕೆ, ಬೆಟ್ಟಗಳ ಆಚೆ ಇದೆ. ಹೆಸರು ಬ್ರುಕುಂಗಾ. ಕೌರ್ನಾ ಮೂಲದಲ್ಲಿ ಬೆಂಕಿ ಅಡಗಿರುವ ಜಾಗ ಎಂದು ಅರ್ಥ. ಅದು ಬರೀ ಕವಿತೆಯಲ್ಲ. ಅಲ್ಲಿಯ ಕಲ್ಲಿನಲ್ಲಿ ಪೈರೈಟ್ ಇದೆ. ಕಬ್ಬಿಣ ಮತ್ತು ಗಂಧಕ ಸೇರಿದ, ಚಿನ್ನವೆಂದು ಮೋಸ ಹೋಗುವಂತೆ ಹೊಳೆಯುವ ಖನಿಜ. ಗಟ್ಟಿ ಕಲ್ಲಿನಿಂದ ಅದನ್ನು ಕುಟ್ಟಿದರೆ ಕಿಡಿ ಹಾರುತ್ತದೆ, ನಮ್ಮ ಚಕಮಕಿಯ ಹಾಗೆ. ಬೆಂಕಿಯ ನಿಪುಣ ಸತ್ತು ಬೆಂಕಿಯ ಕಲ್ಲಾದ. ಕಥೆ ಕಟ್ಟಿದವರಿಗೆ ಭೂವಿಜ್ಞಾನ ಗೊತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

1955ರಲ್ಲಿ ಅಲ್ಲಿ ಗಣಿ ತೆರೆದರು. ಗಂಧಕ ಬೇಕಿತ್ತು. ಗಂಧಕದಿಂದ ಗಂಧಕಾಮ್ಲ, ಅದರಿಂದ ಸೂಪರ್ ಫಾಸ್ಫೇಟ್ ಗೊಬ್ಬರ, ಗೊಬ್ಬರದಿಂದ ಗೋಧಿ. ಹದಿನೇಳು ವರ್ಷ ಬೆಟ್ಟವನ್ನು ಸಿಡಿಸಿ ತೆಗೆದು, ಅಗ್ಗದ ಗಂಧಕ ಬೇರೆಡೆ ಸಿಗತೊಡಗಿದಾಗ ಬಾಗಿಲು ಹಾಕಿದರು. ಯಾವ ವರ್ಷ? 1972. ಕಡಲ ದಿಣ್ಣೆಯ ಮೇಲೆ ಚಿಲ್‌ಬ್ರುಕಿಯ ಶಿಲ್ಪ ಎದ್ದ ವರ್ಷವೇ. ಅತ್ತ ಅವನ ಕಲ್ಲಿನ ರೂಪವನ್ನು ನಿಲ್ಲಿಸಿದರು, ಇತ್ತ ಅವನ ಕಲ್ಲಿನ ದೇಹವನ್ನು ಅಗೆದು ಮುಗಿಸಿದರು. ಈ ಎರಡು ಕೆಲಸಗಳನ್ನು ಮಾಡಿದವರು ಬೇರೆ ಬೇರೆ, ಒಬ್ಬರಿಗೊಬ್ಬರು ಸಂಬಂಧವಿಲ್ಲ. ಅದೇ ತಾನೇ ಸಮಸ್ಯೆ.

ಮುಂದಿನದು ನನ್ನ ವಿಷಯ. ನೆಲದೊಳಗೆ ಮುಚ್ಚಿಕೊಂಡಿರುವವರೆಗೆ ಪೈರೈಟ್ ತನ್ನ ಪಾಡಿಗೆ ತಾನಿರುತ್ತದೆ. ಅಗೆದು ಗಾಳಿಗೂ ಮಳೆಗೂ ಒಡ್ಡಿದರೆ ತಾನಾಗಿಯೇ ಗಂಧಕಾಮ್ಲ ಕಾರಲು ಶುರುಮಾಡುತ್ತದೆ. ಆ ಆಮ್ಲ ಸುತ್ತಲ ಕಲ್ಲಿನಿಂದ ಲೋಹಗಳನ್ನು ಕರಗಿಸಿಕೊಂಡು ಹೊಳೆಗೆ ಇಳಿಯುತ್ತದೆ. ಬ್ರುಕುಂಗಾದ ಪಕ್ಕದಲ್ಲೇ ಡಾವ್ಸ್‌ಲಿ ಎಂಬ ಹಳ್ಳ. ಗಣಿ ನಿಂತರೂ ಆಮ್ಲ ನಿಲ್ಲಲಿಲ್ಲ. ಗುಡ್ಡೆ ಹಾಕಿದ ಕಲ್ಲಿನಿಂದ ಒಸರುವ ನೀರು ನಿಂಬೆರಸಕ್ಕೆ ಹತ್ತಿರ ಬರುವಷ್ಟು ಹುಳಿ, ಬಣ್ಣ ತುಕ್ಕಿನದು. ಅಂಥ ನೀರಿನಲ್ಲಿ ಮೀನು ಉಳಿಯುವುದಿಲ್ಲ, ದನ ಕುಡಿಯುವಂತಿಲ್ಲ. ಕಣ್ಣೀರಿನಿಂದ ಸಿಹಿನೀರು ಹುಟ್ಟಿಸಿದವನ ದೇಹದಿಂದ ಈಗ ಒಸರುತ್ತಿರುವುದು ಅದು. ಹೀಗೆ ಹೇಳಿದರೆ ಅತಿಶಯ ಎನ್ನಿಸಬಹುದು, ಆದರೆ ನಾನು ವರದಿ ಓದಿದ್ದೇನೆ, ಅತಿಶಯ ಮಾಡುವ ಅಗತ್ಯ ಬೀಳಲಿಲ್ಲ.

ಮಾತು ಮುಗಿಸಿ ನೀರು ಕುಡಿಯುತ್ತಿದ್ದಾಗ ಪ್ರಶ್ನೆಗಳು ಬಂದವು. ಶಿಲ್ಪಗಳಿಗೆ ಎಷ್ಟು ಖರ್ಚಾಯಿತು ಎಂದು ಒಬ್ಬರು ಕೇಳಿದರು; ಲೆಕ್ಕ ಕೇಳುವುದು ನಮ್ಮೂರಿನ ಒಳ್ಳೆಯ ಗುಣ. ಹಿಂದಿನ ಸಾಲಿನಲ್ಲಿ ಅಜ್ಜಿಯ ಜೊತೆ ಕೂತಿದ್ದ ಹುಡುಗಿಯೊಬ್ಬಳು ಎದ್ದು ಕೇಳಿದಳು: 'ಕಣ್ಣೀರು ಉಪ್ಪಲ್ಲವೇ ಸರ್, ಒರತೆ ಹೇಗೆ ಸಿಹಿಯಾಯಿತು?' ಮಳೆ ಹಿಂದಿನ ಬೆಟ್ಟದಲ್ಲಿ ಇಂಗಿ, ಮರಳಿನೊಳಗೆ ಸೋಸಿಕೊಂಡು, ದಿಣ್ಣೆಯ ಬುಡದಲ್ಲಿ ಬಂದು ಹೊರಗೆ ಇಣುಕುತ್ತದೆ ಎಂದು ಹೇಳಿದೆ. ಅವಳಿಗೆ ಸಮಾಧಾನ ಆದಂತೆ ಕಾಣಲಿಲ್ಲ. ನನಗೂ ಅಷ್ಟೇ.

ಕೊನೆಗೆ ಅವಳ ಅಜ್ಜಿ ಕೇಳಿದರು: 'ಹಾಗಾದರೆ ಆ ಬಂಡೆಯ ಹತ್ತಿರವೂ ಏನಾದರೂ ನಿಲ್ಲಿಸಿದ್ದಾರೆಯೇ?'

ನಾನು ಹೋದಾಗ ಅಲ್ಲಿ ನೋಡಿದ್ದನ್ನು ಹೇಳಿದೆ. ಒಂದು ಸುಣ್ಣದ ಘಟಕ ಇದೆ ತಾಯಿ. ಗುಡ್ಡೆಯಿಂದ ಒಸರುವ ಹುಳಿ ನೀರನ್ನೆಲ್ಲ ಹಿಡಿದು, ಪಂಪು ಮಾಡಿ, ಸುಣ್ಣ ಕಲಸಿ, ಕೆಸರು ಇಳಿಸಿ, ಆಮೇಲೆ ಹಳ್ಳಕ್ಕೆ ಬಿಡುತ್ತಾರೆ. 1980ರಿಂದ ನಡೆಯುತ್ತಿದೆ. ನಿಲ್ಲಿಸುವ ಹಾಗಿಲ್ಲ.